ಅಪ್ಪನ ಕಾಡೋ, ಮಗನ ಕಾಡೋ?

ಮಲೆನಾಡಿನ ಒಂದೇ ಒಂದು ಕಾದಂಬರಿ ಓದುವುದಾದರೆ ಯಾವುದು? ಕೈಯಲ್ಲಿ ಒಂದು ವಾರಾಂತ್ಯ ಮಾತ್ರ ಇದ್ದರೆ ತೇಜಸ್ವಿಯವರ ‘ಕರ್ವಾಲೊ’ (1980) ಹಿಡಿಯಿರಿ. ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿ, ಜೇನು ಕೀಳುವ ಮಂದಣ್ಣ, ಕಿವಿ ಎಂಬ ನಾಯಿ. ನಗುತ್ತಲೇ ಪುಟ ಸರಿಯುತ್ತದೆ.

ತೇಜಸ್ವಿಯವರ ಅಪ್ಪ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹಾಗಲ್ಲ. ಗಾತ್ರ ದೊಡ್ಡದು, ಮೊದಮೊದಲು ಯಾರು ಯಾವ ಮನೆಯವರೆಂದೇ ತಿಳಿಯದು. ತಾಳ್ಮೆಯಿಂದ ಕೂತರೆ 19ನೇ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆ, ಅಲ್ಲಿನ ಗೌಡರು, ಜೀತದಾಳುಗಳು, ಮಳೆ, ರಕ್ತ ಹೀರುವ ಇಂಬಳ ಎಲ್ಲ ಮೈಗಂಟುತ್ತವೆ. ಜೀತದಾಳು ಗುತ್ತಿಯ ನಾಯಿಯ ಹೆಸರು ಹುಲಿಯ; ಅಂಥ ನಾಯಿ ಕನ್ನಡದಲ್ಲಿ ಇನ್ನೊಂದಿಲ್ಲ (ಕಿವಿ ಮುನಿಸಿಕೊಂಡರೂ ಸರಿ). ನನ್ನ ಓಟು ಅಪ್ಪನಿಗೆ. ಆದರೆ ಕಾಲೇಜು ಹುಡುಗರ ಕೈಗೆ ಕೊಡುವುದಾದರೆ ಮಗನದೇ. ದಪ್ಪ ಪುಸ್ತಕ ಕಂಡರೆ ಓಡುವವರಿಗೂ ಅದೇ.