ಆಯಿಯ ದಮ್ಮಿಗೆ ತಂದ ಸ್ಪೇಸರ್ ಹೇಗಿದೆ?

ಪಂಪ್ ಇನ್‌ಹೇಲರ್ ಬಳಸುವವರು ಮನೆಯಲ್ಲಿ ಇದ್ದರೆ ಸ್ಪೇಸರ್ ತಗೊಳ್ಳಿ. ಪಂಪಿಗೂ ಬಾಯಿಗೂ ನಡುವೆ ಇಟ್ಟು ಔಷಧ ಹಿಡಿದಿಡುವ, ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ ಡಬ್ಬಿ ಅಷ್ಟೇ, ಆದರೆ ನಮ್ಮನೆಯ ಔಷಧದ ಖರ್ಚಿನಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ಆಯಿಗೆ ಅಸ್ತಮಾ. ಶಿರಸಿ ಮಳೆ ಗೊತ್ತಲ್ಲ, ಗೋಡೆಗೂ ಕಂಬಳಿಗೂ ಬೂಷ್ಟು ಹಿಡಿಯುತ್ತದೆ, ಅದರ ಮೇಲೆ ಬಚ್ಚಲ ಒಲೆಯ ಹಸಿ ಕಟ್ಟಿಗೆಯ ಹೊಗೆ ಬೇರೆ. ಶ್ವಾಸನಾಳದ ಒಳಗೋಡೆ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದು, ಕಫ ಕಟ್ಟಿ ದಾರಿ ಸಣ್ಣದಾಗುತ್ತದೆ, ಆಗ ಸುಂಯ್ ಸುಂಯ್ ಶುರು. ಸ್ಪೇಸರ್ ಇಲ್ಲದೆ ಆದರೆ ಪಂಪ್ ಒತ್ತುವುದು, ಉಸಿರು ಎಳೆಯುವುದು ಒಂದೇ ಗಳಿಗೆಗೆ ಕೂಡಿಬರಬೇಕು. ವಯಸ್ಸಾದವರ ಕೈಯಲ್ಲಿ ಅದು ಸುಲಭ ಅಲ್ಲ. ಔಷಧದ ಹೆಚ್ಚಿನ ಪಾಲು ಬಾಯಿ, ಗಂಟಲಲ್ಲೇ ಅಂಟಿಕೊಂಡು ಉಳಿಯುತ್ತದೆ. ಇನ್‌ಹೇಲರ್ ಕೊಟ್ಟ ಅಂಗಡಿಯವರು ಇದನ್ನು ಹೇಳಲೇ ಇಲ್ಲ, ಹೇಳಿದ್ದು ಡಾಕ್ಟರು.

ಸ್ಪೇಸರ್‌ ಇದ್ದರೆ ಅವಸರ ಇಲ್ಲ. ಇನ್‌ಹೇಲರ್ ಚೆನ್ನಾಗಿ ಅಲ್ಲಾಡಿಸಿ, ಡಬ್ಬಿಯ ಹಿಂದಿನ ತೂತಿಗೆ ಸಿಕ್ಕಿಸಿ, ಮುಂದಿನ ತುದಿ ಬಾಯಲ್ಲಿಟ್ಟು, ಒಂದೇ ಸಲ ಒತ್ತಿ, ನಿಧಾನಕ್ಕೆ ಎಳೆದು 10 ಸೆಕೆಂಡು ಉಸಿರು ಹಿಡಿಯಬೇಕು. ಹಿಡಿಯಲು ಆಗದಿದ್ದರೆ ಅದರಲ್ಲೇ ನಾಲ್ಕೈದು ಸಲ ಉಸಿರಾಡಿದರೂ ಸಾಕು. ಎರಡು ಪಫ್ ಒಟ್ಟಿಗೆ ಒತ್ತಬಾರದು. ಸ್ಟೆರಾಯ್ಡ್ ಇರುವ, ದಿನಾ ತಗೊಳ್ಳುವ ಇನ್‌ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ನಾಲಿಗೆ ಮೇಲೆ ಬೆಳ್ಳಗೆ ಫಂಗಸ್ ಬರಬಹುದು, ಸ್ವರವೂ ಒಡೆಯಬಹುದು.

"ಇನ್‌ಹೇಲರ್ ಅಭ್ಯಾಸ ಆಗಿಬಿಡ್ತದೆ, ಮಾತ್ರೆ ಸಾಕು" ಅಂತ ಹೇಳುವ ನೆಂಟರು ನಿಮ್ಮನೆಯಲ್ಲೂ ಇದ್ದಾರೆ ಅಲ್ವಾ? ಬಿಗಿದ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಔಷಧದ ಮಾತ್ರೆ 4 ಮಿಲಿಗ್ರಾಂ ಇದ್ದರೆ, ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ, ಅಂದರೆ ನಲವತ್ತರಲ್ಲಿ ಒಂದು ಪಾಲು. ಅದೂ ನೇರ ಶ್ವಾಸಕೋಶಕ್ಕೆ. ಮಾತ್ರೆಯಲ್ಲಿ ಕೈ ನಡುಕ, ಎದೆಬಡಿತ ಜಾಸ್ತಿ. ಆದರೆ ದಮ್ಮು ಬಂದಾಗ ಮಾತ್ರ ತಗೊಳ್ಳುವ ಈ ಇನ್‌ಹೇಲರ್ ಮೇಲಿಂದ ಮೇಲೆ ಬೇಕಾಗುತ್ತಿದ್ದರೆ ರೋಗ ಹತೋಟಿಯಲ್ಲಿಲ್ಲ, ಡಾಕ್ಟರ ಹತ್ತಿರ ಹೋಗಲೇಬೇಕು.

ತಕರಾರು ಇಲ್ಲ ಅಂತಲ್ಲ. ಡಬ್ಬಿಯ ಎರಡು ಭಾಗ ಕೂಡುವ ಜಾಗ ನಾಜೂಕು, ನಮ್ಮದರಲ್ಲಿ ಆಗಲೇ ಕೂದಲೆಳೆ ಬಿರುಕು ಬಂದಿದೆ. ಬಾಯಿಯ ಮುಚ್ಚಳ ಸುಮ್ನೆ ಕಳೆದುಹೋಗುತ್ತದೆ, ಅದಕ್ಕೊಂದು ದಾರ ಕಟ್ಟಿಕೊಡಲು ಕಂಪನಿಗೆ ಏನು ಕಷ್ಟವೋ! ತೊಳೆಯುವುದು ಸೋಪಿನ ನೀರಲ್ಲಿ, ಒಣಗುವುದು ಗಾಳಿಯಲ್ಲಿ. ಬಟ್ಟೆಯಲ್ಲಿ ತಿಕ್ಕಿದರೆ ಪ್ಲಾಸ್ಟಿಕ್ಕಿಗೆ ಸ್ಥಾಯೀ ವಿದ್ಯುತ್ ಬಂದು ಔಷಧ ಗೋಡೆಗೇ ಅಂಟುತ್ತದೆ. ಆಷಾಢದಲ್ಲಿ ಗಾಳಿಗೆ ಒಣಗಿಸಿ ಅಂದರೆ ಹೇಗೆ? ರಾತ್ರಿ ತೊಳೆದು ಫ್ಯಾನಿನ ಕೆಳಗೆ ಇಡುತ್ತೇವೆ, ಕರೆಂಟ್ ಇದ್ದರೆ.

ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವ ಇನ್‌ಹೇಲರ್ ಇದ್ದವರು ಇದನ್ನು ಕೊಳ್ಳಬೇಡಿ, ಅದಕ್ಕೆ ಸ್ಪೇಸರ್ ನಡೆಯುವುದಿಲ್ಲ. ಸಣ್ಣ ಮಕ್ಕಳಿಗಾದರೆ ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್ ಇರುವುದನ್ನೇ ಕೇಳಿ. ಅದು ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಮೊದಲೇ ಹೇಳಿ ತರಿಸಿಕೊಳ್ಳಿ.