ಸ್ಕ್ವೂಶ್: ಇಳಕಲ್ ದಡಿಯ ಕೆಂಪು ಕದಡದಂತೆ ಫೋಟೊ ಕುಗ್ಗಿಸಲು

ಇಳಕಲ್ ಸೀರೆ, ಗುಳೇದಗುಡ್ಡದ ಖಣ ಆನ್‌ಲೈನ್‌ನಲ್ಲಿ ಮಾರುವವರಿಗೆ "ಫೋಟೊದಾಗ ದಡಿ ಬ್ಯಾರೆ ಕಾಣತಿತ್ತಲ್ರಿ" ಅನ್ನೋ ಮಾತು ಹೊಸದಲ್ಲ. ಎಷ್ಟೋ ಸಲ ಆ ದಡಿ ಕೆಟ್ಟಿರುವುದು ಫೋಟೊ ಕುಗ್ಗಿಸುವಾಗ. ಈ ಕೆಲಸಕ್ಕೆ ಗೂಗಲ್‌ನ ಕ್ರೋಮ್ ತಂಡ 2018ರಲ್ಲಿ ಬಿಟ್ಟ ಸ್ಕ್ವೂಶ್ (Squoosh) ಎಂಬ ವೆಬ್ ಆ್ಯಪ್ ಬಹಳ ಒಳ್ಳೆಯ ಸಾಧನ. ದುಡ್ಡಿಲ್ಲ, ಲಾಗಿನ್ ಇಲ್ಲ, ವಾಟರ್‌ಮಾರ್ಕ್ ಬೀಳುವುದಿಲ್ಲ. ಫೋಟೊ ಯಾವ ಸರ್ವರ್‌ಗೂ ಹೋಗದೆ ನಿಮ್ಮ ಬ್ರೌಸರ್‌ನಲ್ಲೇ ಕುಗ್ಗುತ್ತದೆ. ಜೊತೆಗೆ ಫೋಟೊದೊಳಗೆ ಅಡಗಿರುವ ಲೊಕೇಶನ್ ಮಾಹಿತಿಯೂ ಅಳಿದುಹೋಗುತ್ತದೆ. ಮನೆಯಲ್ಲೇ ಮಗ್ಗ ಇಟ್ಟುಕೊಂಡವರಿಗೆ ಇದು ಸಣ್ಣ ಅನುಕೂಲವಲ್ಲ.

ನೇಕಾರರಿಂದ ಫೋಟೊ ತರಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ಅಲ್ಲೇ ಒಮ್ಮೆ ಹಿಂಡಿರುತ್ತದೆ, ಆಮೇಲೆ ಯಾವ ಸಾಧನವೂ ಅದನ್ನು ಸರಿಮಾಡದು. 3000×4000 ಪಿಕ್ಸೆಲ್‌ನ ಫೋಟೊವನ್ನು ಸ್ಕ್ವೂಶ್‌ನಲ್ಲಿ ತೆರೆದು, ಬಲಬದಿಯಲ್ಲಿ ರೀಸೈಜ್ ಆನ್ ಮಾಡಿ, ಅಗಲಕ್ಕೆ 1200 ಕೊಡಿ. ಎತ್ತರ 1600 ತಾನೇ ಬರುತ್ತದೆ. ಕುಗ್ಗಿಸುವ ವಿಧಾನ (Method) ಲ್ಯಾಂಕ್ಜೋಸ್3 (Lanczos3) ಇರಲಿ. ಕಂಪ್ರೆಸ್ ಕೆಳಗೆ ಜೆಪೆಗ್ ಕಡತ ಮಾಡಿಕೊಡುವ ಮೋಜ್‌ಜೆಪೆಗ್ (MozJPEG), ಕ್ವಾಲಿಟಿ 75. ಎವಿಐಎಫ್ (AVIF) ಎಂಬ ಹೊಸ ಬಗೆಯ ಫಾರ್ಮ್ಯಾಟ್‌ನಲ್ಲಿ ಕಡತ ಇನ್ನೂ ಚಿಕ್ಕದಾಗುತ್ತದೆ ನಿಜ, ಆದರೆ ಅದನ್ನು ತೆಗೆದುಕೊಳ್ಳದ ಸೈಟುಗಳು ಇನ್ನೂ ಇವೆ.

ಇಷ್ಟಕ್ಕೇ ಡೌನ್‌ಲೋಡ್ ಒತ್ತಬೇಡಿ. ಮೂಲ ಫೋಟೊ, ಕುಗ್ಗಿದ ಫೋಟೊಗಳ ನಡುವಿನ ಗೆರೆಯನ್ನು ದಡಿಯ ಮೇಲೆ ಎಳೆದು, 100%ಗೆ ಜೂಮ್ ಮಾಡಿ ಎರಡೂ ಬದಿ ನೋಡಿ. ಕಪ್ಪು ಒಡಲಿಗೆ ಕೆಂಪು ರೇಷ್ಮೆ ದಡಿ ಸೇರುವ ಕಡೆ ಬಣ್ಣ ಕದಡಿದಂತೆ ಕಾಣುತ್ತದೆ. ಕ್ವಾಲಿಟಿ 75ರಲ್ಲಿ ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಡುವುದೇ ಇದಕ್ಕೆ ಕಾರಣ. ಮುಖದ ಫೋಟೊದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಡುಗೆಂಪಿಗೆ ಹೊಳಪು ಕಡಿಮೆ, ವಿವರವೆಲ್ಲ ಬಣ್ಣದಲ್ಲೇ ಇರುತ್ತದೆ. ಹೀಗಾಗಿ ಚಿಕ್ಕಿ ದಡಿಯ ಸಣ್ಣ ವಿನ್ಯಾಸ ಒಂದರೊಳಗೊಂದು ಬೆರೆತುಹೋಗುತ್ತದೆ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು, ಆಟೊ ಸಬ್‌ಸ್ಯಾಂಪಲ್ ಕ್ರೋಮಾ ಮುಂದಿನ ಟಿಕ್ ತೆಗೆದು, ಕೆಳಗೆ ಬರುವ ಅಂಕಿಯನ್ನು 1ಕ್ಕೆ ಇಳಿಸಿ; ಆಗ ಬಣ್ಣವೂ ಪ್ರತಿ ಪಿಕ್ಸೆಲ್‌ಗೆ ಉಳಿಯುತ್ತದೆ. ಕಡತ ಸ್ವಲ್ಪ ದೊಡ್ಡದಾಗುತ್ತದೆ, ದಡಿಯ ಅಂಚು ಮಾತ್ರ ಹಾಗೇ ನಿಲ್ಲುತ್ತದೆ. ಸೈಟಿನ ಮಿತಿ ದಾಟಿದರೆ ಅಗಲವನ್ನು 1000ಕ್ಕೆ ಇಳಿಸಿ. ಕ್ವಾಲಿಟಿಯನ್ನು 60ಕ್ಕಿಂತ ಕೆಳಗೆ ಒಯ್ದರೆ ನೇಯ್ಗೆಯ ಮೇಲೆ ಚೌಕಚೌಕ ಕಲೆ ಏಳುತ್ತವೆ.

ಖಣದ ಫೋಟೊದಲ್ಲಿ ಬೇರೆಯದೇ ತಂಟೆ: ನೇಯ್ಗೆಯಲ್ಲಿಲ್ಲದ ಅಲೆಅಲೆ ಪಟ್ಟಿ. ಎಳೆಗಳು ಪಿಕ್ಸೆಲ್‌ಗಿಂತ ಸಣ್ಣದಾದಾಗ ಹೀಗಾಗುತ್ತದೆ. 100% ಜೂಮ್‌ನಲ್ಲೂ ಕಂಡರೆ ರೀಸೈಜ್ ವಿಧಾನವನ್ನು ಮಿಚೆಲ್‌ಗೆ (Mitchell) ಬದಲಿಸಿ. ಆಗಲೂ ಹೋಗದಿದ್ದರೆ ಅಲೆ ಮೂಲ ಫೋಟೊದಲ್ಲೇ ಬಿದ್ದಿರಬಹುದು. ಹಾಗಿದ್ದರೆ ಇನ್ನಷ್ಟು ಹತ್ತಿರದಿಂದ ತೆಗೆದ ಫೋಟೊ ಬೇಕು.

ಕೊರತೆಗಳೂ ಇವೆ. ಕ್ರಾಪ್ ಇಲ್ಲ, ಅದನ್ನು ಫೋನಿನಲ್ಲೇ ಮಾಡಿಕೊಳ್ಳಬೇಕು. "200 ಕೆಬಿ ಮಾಡು" ಅಂತ ಹೇಳಲು ಬರುವುದಿಲ್ಲ, ಕ್ವಾಲಿಟಿ ಸ್ಲೈಡರ್ ಸರಿಸುತ್ತ ಕೆಳಗೆ ಕಾಣುವ ಕಡತದ ಗಾತ್ರ ನೋಡಬೇಕು. ಐಫೋನಿನ ಹೈಕ್ (HEIC) ಕಡತ ಕ್ರೋಮ್‌ನಲ್ಲಿ ತೆರೆಯದು. ಐಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾದ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿಟ್ಟುಕೊಳ್ಳಿ. ಎಲ್ಲಕ್ಕಿಂತ ದೊಡ್ಡ ಕೊರತೆ, ಒಂದು ಸಲಕ್ಕೆ ಒಂದೇ ಫೋಟೊ. ಹೊಸ ಮಾಲಿನ ಐವತ್ತು ಫೋಟೊ ಒಟ್ಟಿಗೆ ಬಂದರೆ ವಿಂಡೋಸ್‌ಗೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್‌ನ ಇಮೇಜ್ ರೀಸೈಜರ್ ಬಳಸಿ, ಎಲ್ಲವನ್ನೂ ಆರಿಸಿ ರೈಟ್ ಕ್ಲಿಕ್ ಮಾಡಿದರೆ ಸಾಕು. ಗಿರಾಕಿ ಹಿಗ್ಗಿಸಿ ನೋಡುವ ದಡಿ, ಸೆರಗಿನ ಫೋಟೊಗಳನ್ನು ಮಾತ್ರ ಸ್ಕ್ವೂಶ್‌ನಲ್ಲಿ ಒಂದೊಂದಾಗಿ ಮಾಡಿ.