ಹಳೆ 32 ಬಿಟ್ ಕಂಪ್ಯೂಟರ್‌ಗೆ 7-ಜಿಪ್ಪೋ, ವಿನ್‌ರಾರೋ?

ವಿಂಡೋಸ್ 7, 32 ಬಿಟ್, 2 ಜಿಬಿ ರ್ಯಾಮ್, ಹಳೆ ಹಾರ್ಡ್‌ಡಿಸ್ಕ್. ಇಂಥ ಡೆಸ್ಕ್‌ಟಾಪಿನಲ್ಲಿ ಫೈಲುಗಳನ್ನು ಕುಗ್ಗಿಸಿ ಒಂದಾಗಿ ಕಟ್ಟುವ, ಮತ್ತೆ ಬಿಚ್ಚುವ ತಂತ್ರಾಂಶಗಳಾದ 7-ಜಿಪ್, ವಿನ್‌ರಾರ್, ಪೀಜಿಪ್ ಮೂರನ್ನೂ ಹಾಕಿ ನೋಡಿದ ಮೇಲೆ ಉಳಿಸಿಕೊಂಡದ್ದು 7-ಜಿಪ್ ಒಂದನ್ನೇ.

ವಿಂಡೋಸ್‌ನಲ್ಲೇ ಜಿಪ್ ಮಾಡುವ ಸೌಲಭ್ಯ ಇದೆಯಲ್ಲ ಎನ್ನುವವರು ಒಂದು ಫೈಲಿಗೆ ‘ಪಹಣಿ ಪ್ರತಿ’ ಎಂದು ಕನ್ನಡದಲ್ಲಿ ಹೆಸರಿಟ್ಟು ಜಿಪ್ ಮಾಡಿ ನೋಡಲಿ. ಹೆಸರಿನಲ್ಲಿ ಬಳಸಬಾರದ ಅಕ್ಷರಗಳಿವೆ ಎಂದು ವಿಂಡೋಸ್ 7 ನಿರಾಕರಿಸುತ್ತದೆ. ಅದರ ಜಿಪ್‌ಗೆ ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಂಕೇತ ವ್ಯವಸ್ಥೆ) ಹೆಸರು ಬರೆಯಲು ಬರುವುದಿಲ್ಲ. 7-ಜಿಪ್ ಅದೇ ಹೆಸರನ್ನು ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಬರೆದು ಸರಿಯಾಗಿ ಕಟ್ಟುತ್ತದೆ. ಕನ್ನಡದಲ್ಲಿ ಕಡತ ಇಡುವವರಿಗೆ ಇದೊಂದೇ ಕಾರಣ ಸಾಕು.

ಇನ್‌ಸ್ಟಾಲ್ ಮಾಡುವ ಮೊದಲು ‘ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಸಿಸ್ಟಮ್ ಟೈಪ್ ನೋಡಿ. 32 ಬಿಟ್ ಎಂದಿದ್ದರೆ 64 ಬಿಟ್ ಫೈಲು ಎಷ್ಟು ಸಲ ಕ್ಲಿಕ್ಕಿಸಿದರೂ ಓಡುವುದಿಲ್ಲ. ಹಳೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಡೌನ್‌ಲೋಡ್ ಪುಟವೇ ತೆರೆಯದಿದ್ದರೆ ನೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಈಗಿನ ಜಾಲತಾಣಗಳು ಸುರಕ್ಷಿತ ಸಂಪರ್ಕಕ್ಕೆ ಕೇಳುವ ಟಿಎಲ್‌ಎಸ್ 1.2 ಅದರಲ್ಲಿ ಇರುವುದಿಲ್ಲ, ಇದ್ದರೂ ಆನ್ ಆಗಿರುವುದಿಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ವಿಳಾಸ 7-ಜಿಪ್ ಡಾಟ್ ಆರ್ಗ್, ನಡುವಿನ ಅಡ್ಡಗೆರೆ ಸಮೇತ. ಹೋಲುವ ಹೆಸರಿನ ತಾಣಗಳಿಂದ ದೂರವಿರಿ.

7-ಜಿಪ್ ಇನ್‌ಸ್ಟಾಲರ್ ತೆರೆದಾಗ ಹಳದಿ ಪಟ್ಟಿಯ ಎಚ್ಚರಿಕೆ ಬರುತ್ತದೆ. ಅದಕ್ಕೆ ಡಿಜಿಟಲ್ ಸಹಿ (ಫೈಲು ಯಾರದೆಂದು ವಿಂಡೋಸ್ ಖಚಿತಪಡಿಸಿಕೊಳ್ಳುವ ಗುರುತು) ಇಲ್ಲ, ಅಷ್ಟೇ. ವಿನ್‌ರಾರ್‌ಗೆ ಸಹಿ ಇದೆ. ಈ ಒಂದು ವಿಷಯದಲ್ಲಿ ವಿನ್‌ರಾರ್ ಮೇಲು, ಆದ್ದರಿಂದಲೇ 7-ಜಿಪ್ ಅನ್ನು ಮೂಲ ತಾಣ ಬಿಟ್ಟು ಬೇರೆಡೆಯಿಂದ ತರಲೇಬಾರದು. ಫೈಲು ಸುಮಾರು ಒಂದೂವರೆ ಎಂಬಿ, ಕ್ಷಣದಲ್ಲಿ ಕೂರುತ್ತದೆ. ಬಳಿಕ 7-ಜಿಪ್ ಫೈಲ್ ಮ್ಯಾನೇಜರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಟೂಲ್ಸ್, ಆಪ್ಷನ್ಸ್‌ಗೆ ಹೋಗಿ ಯಾವ ಬಗೆಯ ಫೈಲು ಇದರಲ್ಲಿ ತೆರೆಯಬೇಕೆಂದು ಗುರುತಿಸಿ. ಇದನ್ನು ಬಿಟ್ಟವರೇ ‘ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತಿಲ್ಲ’ ಎನ್ನುವುದು.

ಕುಗ್ಗಿಸುವಾಗ ‘ಅಲ್ಟ್ರಾ’ ಎಂಬ ಅತಿ ಹೆಚ್ಚಿನ ಮಟ್ಟ ಆರಿಸಬೇಡಿ, ಅದು ದೊಡ್ಡ ಡಿಕ್ಷನರಿ ಬಳಸುತ್ತದೆ. ಡಿಕ್ಷನರಿ ಎಂದರೆ ಮರುಕಳಿಸುವ ಭಾಗಗಳನ್ನು ಹುಡುಕಲು ನೆನಪಿನಲ್ಲಿಟ್ಟುಕೊಳ್ಳುವ ಮಾಹಿತಿ, ಅದರ ಗಾತ್ರದ ಹತ್ತು ಹನ್ನೊಂದು ಪಟ್ಟು ರ್ಯಾಮ್ ಬೇಕಾಗುತ್ತದೆ: 64 ಎಂಬಿ ಇಟ್ಟರೆ ಸುಮಾರು 700 ಎಂಬಿ. ಕಂಪ್ಯೂಟರ್ ನಿಂತೇ ಹೋದಂತಾಗುತ್ತದೆ. 16 ಎಂಬಿಗೆ ಇಳಿಸಿದರೆ 200 ಎಂಬಿ ಒಳಗೇ ಮುಗಿಯುತ್ತದೆ, ಫೈಲಿನ ಗಾತ್ರದಲ್ಲಿ ಅಷ್ಟೇನೂ ವ್ಯತ್ಯಾಸ ಬಾರದು. ಎಷ್ಟು ಬೇಕೆಂದು ಅದೇ ಕಿಟಕಿಯಲ್ಲಿ ತೋರಿಸುತ್ತದೆ, ನೋಡಿಕೊಂಡು ಓಕೆ ಒತ್ತಿ.

ವಿನ್‌ರಾರ್ ಒಳ್ಳೆಯ ತಂತ್ರಾಂಶವೇ. ರಾರ್ ಫೈಲು ಮಾಡುವುದು ಈ ಮೂರರಲ್ಲಿ ಅದೊಂದೇ, ದುರಸ್ತಿಗೆಂದು ಇಡುವ ಹೆಚ್ಚುವರಿ ಮಾಹಿತಿಯಾದ ರಿಕವರಿ ರೆಕಾರ್ಡ್ ಸೇರಿಸಿಟ್ಟರೆ ಹಾಳಾದ ಸಿಡಿಯಿಂದಲೂ ಒಂದಷ್ಟು ಉಳಿಸಬಹುದು. ಪ್ರಾಯೋಗಿಕ ಅವಧಿ 40 ದಿನ. ಆದರೆ 32 ಬಿಟ್ ವಿಂಡೋಸ್‌ಗೆ ಅದು 7.01 ಆವೃತ್ತಿಗೇ ನಿಂತುಹೋಗಿದೆ. ಕಳ್ಳ ಫೈಲನ್ನು ಸ್ಟಾರ್ಟ್‌ಅಪ್ ಫೋಲ್ಡರ್‌ಗೆ (ಲಾಗಿನ್ ಆದಾಗ ತಾನಾಗಿ ಓಡುವ ಫೈಲುಗಳ ಜಾಗ) ಇಳಿಸಬಲ್ಲ ದೋಷವನ್ನು ಸರಿಪಡಿಸಿದ್ದು 2025ರ 7.13ರಲ್ಲಿ. ಅಂದರೆ ಈ ಕಂಪ್ಯೂಟರ್‌ಗೆ ಆ ಪರಿಹಾರ ಬರುವುದೇ ಇಲ್ಲ. 64 ಬಿಟ್ ಇದ್ದವರು ಹೊಸ ವಿನ್‌ರಾರ್ ಬಳಸಲಿ. 32 ಬಿಟ್‌ನವರಿಗೆ ಸಲಹೆ ಮಾಡಲಾರೆ.

ಪೀಜಿಪ್ ನೋಡಲು ಚೆಂದ, ಇನ್‌ಸ್ಟಾಲ್ ಇಲ್ಲದೆ ಓಡುವ ಪೋರ್ಟಬಲ್ ರೂಪವೂ ಇದೆ. ಗಾತ್ರ ದೊಡ್ಡದು, ಹಳೆ ಡಿಸ್ಕಿನಲ್ಲಿ ತೆರೆಯುವುದು ನಿಧಾನ.

7-ಜಿಪ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. 2010ರ 9.20 ಆವೃತ್ತಿ ಈಗಲೂ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಕೂತಿದೆ. 2013ರಲ್ಲಿ ಬಂದ ರಾರ್5 ಬಗೆಯ ಫೈಲು ಅದರಲ್ಲಿ ತೆರೆಯದು. ಕನಿಷ್ಠ 24.09 ಇರಲಿ, ಇಂಟರ್ನೆಟ್‌ನಿಂದ ಬಂದ ಫೈಲಿನ ಎಚ್ಚರಿಕೆ ಗುರುತು ಅಳಿದುಹೋಗುವ ದೋಷ ಮುಚ್ಚಿದ್ದು ಅದರಲ್ಲೇ. ಹಳೆಯದರ ಮೇಲೆಯೇ ಹೊಸದನ್ನು ಹಾಕಬಹುದು. ರೀಸ್ಟಾರ್ಟ್ ಕೇಳಿದರೆ ಮಾಡಿಬಿಡಿ: ರೈಟ್ ಕ್ಲಿಕ್ ಮೆನುವನ್ನು ನಡೆಸುವ 7-ಜಿಪ್‌ನ ಹಳೆ ಡಿಎಲ್‌ಎಲ್ ಫೈಲನ್ನು ವಿಂಡೋಸ್ ಎಕ್ಸ್‌ಪ್ಲೋರರ್ ಹಿಡಿದಿಟ್ಟುಕೊಂಡಿರುತ್ತದೆ.